ಮುಚ್ಚಿದ ತುಟಿಗೆ ಮಾತು

…ಬಿಡು ಕಯಲ್, ಆ ಹೈವೇ ಪಕ್ಕದ ಕಾಲೇಜಿನ ಮಾತು ಎತ್ತಲೇಬೇಡ. ಏನು, ನೀನು ಎತ್ತಲಿಲ್ಲವಾ? ಸರಿ, ನಾನೇ ಎತ್ತಿದೆ. ಎತ್ತಿದ್ದನ್ನ ಅರ್ಧದಲ್ಲಿ ಇಳಿಸೋಳಲ್ಲ ನಾನು, ಕೇಳು. ನಾಳೆ ಬೆಳಿಗ್ಗೆ ನಿಮ್ಮಪ್ಪ ಪೊಳ್ಳಾಚಿಯಿಂದ ಬರ್ತಾನೆ. ಮೈಮೇಲಿನ ಶೂಟಿಂಗ್ ಧೂಳು ಕೂಡ ತೊಳೆದಿರಲ್ಲ, ಇದೇ ಚಾಪೆ ಮೇಲೆ ಕೂತು, ‘ಅಕ್ಕಾ, ಹುಡುಗಿಗೆ ಯಾವ ಕಾಲೇಜು ಅಂತ ಗೊತ್ತುಮಾಡಿದಿರಿ?’ ಅಂತ ಕೇಳ್ತಾನೆ. ಆಗ ಅತ್ತೆ ಸೊಸೆ ಇಬ್ಬರೂ ಗೋಡೆ ಮೇಲಿನ ಹಲ್ಲಿ ನೋಡ್ತಾ ಕೂರೋಕಾಗುತ್ತಾ? ಇವತ್ತು ಸಂಜೆಯೊಳಗೆ ತೀರ್ಮಾನ ಆಗಬೇಕು. ತಟ್ಟೆ ಎಳಕೋ. ಮೀನು ಆರಿ ಹೋಗುತ್ತೆ.

ಉಣ್ಣಲ್ವಾ? ವಾರದ ನಡುವೆ ಈ ಮನೆಯಲ್ಲಿ ಮೀನು ಸಾರು ಕುದಿಯೋದು ಯಾವ ಕಾಲಕ್ಕೆ ಕಂಡಿದ್ದೀಯ ನೀನು? ಸುಮ್ಮನೆ ಆ ಕಿಟಕಿ ಕಟ್ಟೆ ಮೇಲೆ ಕಾಲು ಮಡಚಿ ಕೂತಿದ್ದೀಯ, ಪೋಸ್ಟರಿನ ಹುಡುಗಿ ಹಾಗೆ.

ಓಹೋ, ಗಂಟಲು ಕಟ್ಟಿದೆಯಾ? ಅದೇ ಇರಬೇಕು. ಬೆಳಿಗ್ಗೆ ಧರಣಿಯಲ್ಲಿ, ನಮ್ಮ ದನಿ ಕದ್ದ ಆ ಕಂಪನಿ ಮುಂದೆ, ಹತ್ತು ಜನ ಕೂಗೋದನ್ನ ನೀನೊಬ್ಬಳೇ ಕೂಗಿದೆ. ಫೋಟೋ ತೆಗೆಯೋಕೆ ಅಂತ ಕರಕೊಂಡು ಹೋದರೆ ಕ್ಯಾಮೆರಾ ಕೊರಳಿಗೆ ನೇತುಹಾಕಿ ಘೋಷಣೆಗೆ ನಿಂತುಬಿಟ್ಟೆ. ನಾಲ್ಕು ಕೂಗಿಗೇ ದನಿ ಹೋಯಿತಾ? ಹೊಟ್ಟೆಯಿಂದ ಕೂಗಬೇಕು ಅಂತ ಎಷ್ಟು ಸಲ ಹೇಳಿಕೊಟ್ಟಿದ್ದೀನಿ, ನೀನು ಕತ್ತಿನಿಂದ ಕೂಗ್ತೀಯ. ತಗೋ, ಬಿಸಿನೀರು. ತಾಳೆ ಕಲ್ಲುಸಕ್ಕರೆ, ಎರಡು ಮೆಣಸು ಹಾಕಿದ್ದೀನಿ. ಹಿಡಿ ಲೋಟ. ಹಿಡಿಯೇ… ಸರಿ, ಕಿಟಕಿ ಮೇಲೆ ಇಡ್ತೀನಿ. ಹುಷಾರು, ತಟ್ಟೀತು.

ಹೈವೇ ಕಾಲೇಜಿನ ಮಾತಿಗೆ ಬರ್ತೀನಿ. ಕಟ್ಟಡ ಪೂರಾ ಗಾಜು. ಒಳಗೆ ಕಾಲಿಟ್ಟರೆ ಚಳಿ. ಗೋಡೆ ತುಂಬ ಚೇರ್ಮನ್ ಫೋಟೋ, ಅವನ ಹೆಂಡತಿ ಫೋಟೋ, ಅವನ ನಾಯಿಯದ್ದೂ ಒಂದು ಇತ್ತು, ನೀನೇ ತೋರಿಸಿದೆ. ವಿದ್ಯಾರ್ಥಿಗಳು ತೆಗೆದ ಫೋಟೋ ಎಲ್ಲಿ ಅಂದರೆ ಆ ರಿಸೆಪ್ಷನ್ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಕ್ಯಾಮೆರಾ ತೋರಿಸಿ ಅಂದೆವು. ಗಾಜಿನ ಬೀರು. ಒಳಗೆ ಸಾಲಾಗಿ ಕ್ಯಾಮೆರಾ. ಒಂದೊಂದರ ಲೆನ್ಸ್ ಮೇಲೂ ಗಂಧ ಕುಂಕುಮದ ಬೊಟ್ಟು! ಆಯುಧ ಪೂಜೆ ಹೋದ ವರ್ಷ ಆಗಿದ್ದು, ಬೊಟ್ಟು ಒಣಗಿ ಬಿರುಕು ಬಿಟ್ಟಿದೆ, ಒರೆಸಿದೋರೇ ಇಲ್ಲ. ಅಂದರೆ ಅಲ್ಲಿಂದೀಚೆ ಆ ಕಣ್ಣಲ್ಲಿ ಯಾರೂ ಜಗತ್ತು ನೋಡಿಲ್ಲ. ಕ್ಯಾಮೆರಾ ಅಲ್ಲ ಕಣೇ ಅದು, ಉತ್ಸವಮೂರ್ತಿ.

ನಿಮ್ಮಪ್ಪನಂಥೋರು ಹೆಗಲ ಮೇಲೆ ಲೈಟು ಹೊತ್ತು, ಬೆಟ್ಟ ಹತ್ತಿ, ಕೈ ಸುಟ್ಟುಕೊಂಡು ಕೂಡಿಟ್ಟಿದ್ದನ್ನ ಇಂಥ ಗಾಜಿನ ಮನೆಗೆ ಸುರಿಯಬೇಕು. ಅವರು ಹುಡುಗರಿಗೆ ಕಪ್ಪು ಟೀ ಶರ್ಟ್ ಕೊಟ್ಟು ‘ಫಿಲಂ ಮೇಕರ್’ ಅಂತ ಬೆನ್ನ ಮೇಲೆ ಬರೆದು ಕಳಿಸ್ತಾರೆ. ಲೂಟಿ! ಹಗಲು ಲೂಟಿ. ಇದನ್ನ ಅಲ್ಲೇ ಹೇಳಿದೆನಲ್ಲ ನಾನು, ಆ ಕಪ್ಪು ಕನ್ನಡಕದ ಚೇರ್ಮನ್ನಿಗೆ, ಎದುರಿಗೆ ನಿಂತು, ಬೆರಳು ತೋರಿಸಿ…

ಯಾಕೆ ನಗ್ತೀಯ? ಅಬ್ಬ, ಬೆಳಿಗ್ಗೆಯಿಂದ ಈಗ ತುಟಿ ಸ್ವಲ್ಪ ಸಡಿಲ ಆಯಿತು! ನಗು, ನಗು. ಹೌದು, ಅವನು ಚೇರ್ಮನ್ ಅಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಕನ್ನಡಕ ಹಾಕ್ಕೊಂಡಿದ್ದ ಯಾರೋ ಪಾಪದ ಮನುಷ್ಯ, ಮಗನಿಗೆ ಸೀಟು ಕೇಳೋಕೆ ವೇಲೂರಿನಿಂದ ಬಂದಿದ್ದ. ನಾನು ಅಷ್ಟುದ್ದ ಭಾಷಣ ಬಿಗಿದ ಮೇಲೆ ಕೈಮುಗಿದು, ‘ಅಮ್ಮಾ, ನನ್ನ ಹತ್ತಿರವೂ ಅಷ್ಟೇ ದುಡ್ಡು ಕೇಳ್ತಿದ್ದಾರೆ’ ಅಂದ. ಆಗ ನನ್ನ ಮುಖ ಹೇಗಿತ್ತು? ಫೋಟೋ ತೆಗೆದೆಯಂತಲ್ಲ, ಕಳ್ಳಿ. ಯೂನಿಯನ್ನಿನ ಹೆಂಗಸರಿಗೆಲ್ಲ ತೋರಿಸಿದ್ದೀಯಂತೆ. ‘ನಮ್ಮ ತಿಲಕವತಿ ಅತ್ತೆ ಶತ್ರುವನ್ನ ಗುರುತು ಹಿಡಿದ ಕ್ಷಣ’ ಅಂತ ಹೆಸರು ಬೇರೆ ಇಟ್ಟಿದ್ದೀಯಂತೆ.

ಈಗ ಆ ನಗುವಿನ ಜೊತೆಗೇ ಒಂದು ತುತ್ತು ಮೀನು. ಇಲ್ವಾ? ಹೋಯ್ತಾ ನಗು? ಇಷ್ಟು ಬೇಗ?

ಸರಿ. ವಡಪಳನಿಯದು. ಮೇಲೆ ಕಾಲೇಜು, ಕೆಳಗೆ ಮದುವೆ ಮಂಟಪ. ಪಾಠ ಮಾಡೋ ಮೇಷ್ಟ್ರು ‘ಲೈಟಿಂಗ್’ ಅಂದ, ಕೆಳಗೆ ನಾಗಸ್ವರದೋರು ಗಟ್ಟಿಮೇಳ ಶುರು ಮಾಡಿದರು. ಎಲ್ಲರೂ ಅಕ್ಷತೆ ಹುಡುಕೋ ಹಾಗೆ ಕೈ ಎತ್ತಿದರು. ಒಂದು ಲಾಭ ಇದೆ ನೋಡು, ಮಧ್ಯಾಹ್ನದ ಊಟಕ್ಕೆ ಚಿಂತೆ ಇಲ್ಲ. ಕೊರಳಿಗೆ ಕ್ಯಾಮೆರಾ ಹಾಕ್ಕೊಂಡು ಕೆಳಗಿಳಿದರೆ ಗಂಡಿನ ಕಡೆಯೋಳಾ ಹೆಣ್ಣಿನ ಕಡೆಯೋಳಾ ಅಂತ ಯಾರೂ ಕೇಳಲ್ಲ, ಎಲೆ ಹಾಕಿಬಿಡ್ತಾರೆ. ಅದನ್ನೂ ಬೇಡ ಅಂತೀಯ ಅಂತ ಗೊತ್ತು.

ಹಾಗಾದರೆ ಉಳಿದಿದ್ದು ಯಾವುದು? ಊರೊಳಗಿನ ಸರ್ಕಾರಿ ಕಾಲೇಜು. ಬಸ್ಸು ನಮ್ಮ ಬೀದಿ ಕೊನೆಗೇ ಬರುತ್ತೆ. ಗೋಡೆ ಸೋರುತ್ತೆ, ಒಪ್ಪಿದೆ. ಕ್ಯಾಮೆರಾ ಹಳೇದು, ಆದರೆ ಬೀರುವಿನಲ್ಲಿಲ್ಲ, ಹುಡುಗರ ಕೈಯಲ್ಲಿದೆ. ಬೆಳಿಗ್ಗೆ ಇಡ್ಲಿ ತಿಂದು ಹೋಗು, ಸಂಜೆ ಬಂದು ಇದೇ ಕಿಟಕಿ ಮೇಲೆ ಕೂತು ನನ್ನ ಅಡುಗೆಗೆ ಹೆಸರಿಡು. ರಜೆ ದಿನ ನನ್ನ ಜೊತೆ ಧರಣಿಗೆ ಬಾ. ಲೈಟ್‌ಮ್ಯಾನ್ ಏಳುಮಲೈ ಮಗಳು ನಮ್ಮ ಈ ಸಾಲಿಗ್ರಾಮದ ಬೀದಿಯಲ್ಲೇ ಇದ್ದು ಕ್ಯಾಮೆರಾ ಹಿಡಿದಳು ಅಂದರೆ ಅದಕ್ಕೊಂದು ತೂಕ ಇದೆ. ಇಲ್ಲಿ ಹೆಣ್ಣುಮಕ್ಕಳು ಕ್ಯಾಮೆರಾ ಹತ್ತಿರ ಹೋದರೆ ಮೇಕಪ್ ಹುಡುಗಿ ಅಂದುಕೊಂಡು ಕನ್ನಡಿ ಕೇಳ್ತಾರೆ. ಅಂಥವರ ಎದುರಿಗೇ ನಿಂತು ಕಲಿಯಬೇಕು, ಅದು ಹೋರಾಟ. ಹೇಗಿದೆ?

ಮಾತಾಡೇ. ಹ್ಞೂಂ ಅನ್ನು, ಊಹ್ಞೂಂ ಅನ್ನು.

ಗೊತ್ತು, ಗೊತ್ತು. ನಿನ್ನ ತಲೆ ಭೋಪಾಲದಲ್ಲಿದೆ. ಕಾಲೇಜಂದರೆ ಅದೊಂದೇ. ಅಲ್ಲಿ ಮೊದಲ ವರ್ಷ ಪೂರ್ತಿ ರೀಲಿನಲ್ಲೇ ಫೋಟೋ ತೆಗೀಬೇಕಂತೆ, ಕತ್ತಲ ಕೋಣೆಯಲ್ಲಿ ತಾವೇ ತೊಳೀಬೇಕಂತೆ. ಆಮೇಲೆ ಒಂದು ಮಳೆಗಾಲ ಪೂರ್ತಿ ಯಾವುದೋ ರೈಲ್ವೆ ಕಾಲೊನಿಯಲ್ಲೋ ಗಣಿ ಊರಲ್ಲೋ ಬಿಟ್ಟುಬಿಡ್ತಾರಂತೆ, ಅಲ್ಲೇ ಇದ್ದು ಅವರ ಸಿನಿಮಾ ತೆಗೀಬೇಕಂತೆ. ಸರಿ, ಹಪ್ಪಳ ಯಾರು ಸುಟ್ಟುಕೊಡ್ತಾರೆ ಅಲ್ಲಿ? ಬೆಳಿಗ್ಗೆ ಎದ್ದರೆ ಅವಲಕ್ಕಿ ಕೊಡ್ತಾರೆ, ಜಿಲೇಬಿ ಜೊತೆಗೆ! ನೀನು ಸಕ್ಕರೆ ಹಾಕಿದ ಕಾಫಿಯನ್ನೇ ಮುಟ್ಟೋಳಲ್ಲ. ಚಳಿಗಾಲದಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಮೂಟೆ ಹಾಗೆ ಕಾಣ್ತೀಯ, ನಿನ್ನದೇ ಫೋಟೋ ತೆಗೆದು ಗೋಡೆಗೆ ಹಾಕ್ತಾರೆ. ಹಿಂದಿ ಬೇರೆ. ನಿನ್ನ ಹಿಂದಿ ಕೇಳಿದರೆ ಅವರು ಕಾಲೇಜು ಮುಚ್ಚಿ ಓಡಿಹೋಗ್ತಾರೆ. ಪ್ರತಿ ಮಾತಿಗೂ ಮುಂಚೆ ‘ಅಂದ್ರೇ…’ ಅಂತ ಎಳೀತೀಯ ನೋಡು, ಯಾವ ಭಾಷೆಗೆ ಹೋದರೂ ಅದು ನಿನ್ನ ಬಿಡಲ್ಲ.

ನನ್ನ ಫೋನಿನಲ್ಲಿ ಅವರು ನಿನ್ನ ಸಂದರ್ಶನ ಮಾಡಿದ ದಿನ ನೀನು ಇಲ್ಲೇ ಕೂತಿದ್ದೆ. ಅವತ್ತೂ ‘ಅಂದ್ರೇ…’ ಅಂತಲೇ ಶುರು ಮಾಡಿದೆ. ಯಾರಿಗೂ ತೋರಿಸದ ಫೋಟೋ ಯಾವುದಾದರೂ ಇದೆಯಾ ಅಂತ ಕೇಳಿದರಂತೆ. ನೀನು, ನಿಮ್ಮಪ್ಪ ತಾನೇ ಹೊತ್ತ ದೊಡ್ಡ ಲೈಟಿನ ಕೆಳಗೆ, ಸೆಟ್ಟಿನ ರಾಜನ ಸಿಂಹಾಸನಕ್ಕೆ ತಲೆ ಆನಿಸಿ ನಿದ್ದೆ ಹೋಗಿದ್ದ ಫೋಟೋ ಬಗ್ಗೆ ಹೇಳಿದೆ. ನನಗೂ ತೋರಿಸಿರಲಿಲ್ಲ ಅದನ್ನ. ಫೋನ್ ಇಟ್ಟು ನನ್ನ ಕಡೆ ತಿರುಗಿ, ‘ಅತ್ತೆ, ಅವರು ನಾನು ಮುಗಿಸೋವರೆಗೂ ಕೇಳಿದರು’ ಅಂದೆ. ಆ ಮುಖ… ಸರಿ ಬಿಡು, ಆ ಮುಖದ ಮಾತು ಈಗ್ಯಾಕೆ.

ಕೇಳೋದೇನೋ ಕೇಳಿದರು, ಆಮೇಲೆ ಏನಾಯಿತು? ‘ಸೀಟು ಸಿಕ್ಕಿದರೆ ಫೋನ್ ಮಾಡ್ತೀವಿ’ ಅಂದರು. ಮಾಡಿದರಾ? ದೊಡ್ಡವರಿಗೆಲ್ಲ ಬಡವರ ಮಕ್ಕಳ ಕಥೆ ಕೇಳೋಕೆ ಚೆಂದ. ಸೀಟು ಕೊಡೋವಾಗ ಆ ಮೂಗಿನಲ್ಲಿ ಮಾತಾಡೋ ಹೆಂಗಸು ಬೇರೆ ಯಾರಿಗೋ…

ಏನು? ಯಾಕೆ ತಿರುಗಿ ನೋಡಿದೆ?

ಮೂಗು ಅಂದಿದ್ದಕ್ಕಾ? ಅಯ್ಯೋ, ಆಫೀಸಿನೋರೆಲ್ಲ ಮೂಗಿನಲ್ಲೇ ಮಾತಾಡೋದು. ಡಬ್ಬಿಂಗಿನಲ್ಲಿ ದನಿ ಕೊಟ್ಟು ಕೊಟ್ಟು ನನಗೆ ಎಲ್ಲರ ಮೂಗೂ ಬಾಯಿಪಾಠ. ಪೊಲೀಸ್ ಆದರೆ ಗಂಟಲು, ಡಾಕ್ಟರ್ ಆದರೆ ಹಲ್ಲು, ಆಫೀಸ್ ಹೆಂಗಸಾದರೆ ಮೂಗು. ನೀರು ಕುಡಿ.

ನಿನ್ನ ಫೋನ್ ಕಾಸಿಮೇಡಿನ ಸಮುದ್ರಕ್ಕೆ ಬೀಳದೇ ಇದ್ದಿದ್ದರೆ ನಿನ್ನ ನಂಬರನ್ನೇ ಕೊಡಬಹುದಿತ್ತು ಅವರಿಗೆ. ದೋಣಿ ಮೇಲೆ ತಲೆಕೆಳಗಾಗಿ ನೇತಾಡಿಕೊಂಡು ಬಲೆ ಫೋಟೋ ತೆಗೀತೀನಿ ಅಂತ ಹೋದೋಳು, ಕ್ಯಾಮೆರಾ ಹಿಡಕೊಂಡೆ, ಫೋನು ಮೀನಿಗೆ ಕೊಟ್ಟೆ. ಅದಕ್ಕೇ ನನ್ನ ನಂಬರ್ ಕೊಟ್ಟೆ. ನನ್ನ ಫೋನಂತೂ ಹಗಲೆಲ್ಲ ನನ್ನ ಸೊಂಟದಲ್ಲೇ ಇರುತ್ತೆ, ಬಂದಿದ್ದರೆ ಹೇಳದೇ ಇರ್ತಿದ್ದೆನಾ?

ಇವತ್ತು ಬೆಳಿಗ್ಗೆ ಘೋಷಣೆ ಕೂಗೋ ಮಧ್ಯೆ ಎಲ್ಲಿಗೋ ಹೋದೆಯಲ್ಲ. ತಲೆ ಎಣಿಸೋವಾಗ ನೀನಿರಲಿಲ್ಲ. ನಮ್ಮ ಯೂನಿಯನ್ನಿನ ಚಿತ್ರಾ ಹೇಳಿದಳು, ಟೀ ಅಂಗಡಿ ಹಿಂದೆ ಅವಳ ಫೋನ್ ಇಸಕೊಂಡು ಯಾರ ಜೊತೆಗೋ ಮಾತಾಡ್ತಿದ್ದೆ ಅಂತ. ವಾಪಸು ಬಂದಾಗಿನಿಂದ ಹೀಗೇ ಇದ್ದೀಯ. ಯಾರದು? ಯಾವನಾದರೂ ಹುಡುಗನಾ? ಇದ್ದರೆ ಹೇಳೇ, ನಾನೇನು ನಿಮ್ಮಪ್ಪನಾ, ಕೋಲು ತಗೊಳ್ಳೋಕೆ? ಸಂಬಳ ಸರಿಯಾಗಿ ಕೊಡೋ ಕಡೆ ಕೆಲಸ ಮಾಡ್ತಾನಾ, ಯೂನಿಯನ್ ಕಾರ್ಡ್ ಇದೆಯಾ, ಅಷ್ಟೇ ಕೇಳ್ತೀನಿ… ಅದಕ್ಕೂ ನಗು ಇಲ್ಲ. ಹುಡುಗ ಅಲ್ಲ ಹಾಗಾದರೆ.

ಬೆಳಿಗ್ಗೆ ನಾನು ಮಾತಾಡಿದ್ದು ಚೆನ್ನಾಗಿತ್ತಾ? ಆ ಭಾಗ ಇದ್ದೆಯಾ ನೀನು? ‘ಪರೀಕ್ಷೆಗೆ ಅಂತ ನಾಲ್ಕು ಸಾಲು ಓದಿಸಿಕೊಂಡಿರಿ. ಓದಿದ್ದು ನಾಲ್ಕು ಸಾಲು. ಈಗ ನಿಮ್ಮ ಯಂತ್ರ ನನ್ನ ದನಿಯಲ್ಲಿ ನಾಲ್ಕು ಸಾವಿರ ಸಾಲು ಹೇಳ್ತಿದೆ. ಅದರಲ್ಲಿ ಒಂದನ್ನೂ ನಾನು ಹೇಳಿಲ್ಲ’ ಅಂದೆ. ಗೇಟಿನ ವಾಚ್‌ಮನ್ ಕೂಡ ತಲೆ ಆಡಿಸಿದ. ಆಸ್ಪತ್ರೆ ಲಿಫ್ಟ್ ಹತ್ತಿದೆ ಅವತ್ತು, ಚಿತ್ರಾಳ ಮಗು ನೋಡೋಕೆ. ಲಿಫ್ಟಿನೊಳಗೆ ನಾನೇ! ‘ಬಾಗಿಲು ಮುಚ್ಚುತ್ತಿದೆ’ ಅಂತ ನಾನೇ ನನಗೆ ಹೇಳ್ತಿದ್ದೀನಿ. ‘ಯಾರೇ ನೀನು?’ ಅಂತ ಕೇಳಿಯೇಬಿಟ್ಟೆ. ನೀನು ಪಕ್ಕದಲ್ಲಿ ನಿಂತು, ‘ಅತ್ತೆ, ಲಿಫ್ಟಿಗಾದರೂ ಎದುರು ಮಾತಾಡಬೇಡಿ’ ಅಂತ ಕಿಚಾಯಿಸಿದೆ. ಆದರೆ ಮನೆಗೆ ಬಂದು ನೀನೇ ಆ ಬೋರ್ಡು ಬರೆದುಕೊಟ್ಟೆ. ಎಷ್ಟು ಚೆಂದ ಬರೆದೆ, ಕೆಂಪು ಅಕ್ಷರ. ಅಲ್ಲಿದೆ ನೋಡು, ಬಾಗಿಲ ಹಿಂದೆ, ಮಗ್ಗುಲು ತಿರುಗಿಸಿ ಒರಗಿಸಿದ್ದೀನಿ. ಬಿಸಿಲಿಗೆ ಬಣ್ಣ ಕರಗಿ ಇನ್ನೂ ಹಸಿಯಾಗಿದೆ.

ದನಿ ಅಂದರೆ ಹುಡುಗಾಟವಾ? ಈ ಬೀದಿಯಲ್ಲಿ ಯಾವ ಮನೆ ಟಿವಿ ಹಾಕಿದರೂ ನಾನು ಅಳ್ತಿರ್ತೀನಿ, ಇಲ್ಲ ಮದುವೆ ಆಗ್ತಿರ್ತೀನಿ. ಹೆಸರು ಎಲ್ಲಾದರೂ ಬಂತಾ? ಸಿನಿಮಾದ ಕೊನೆಗೆ ಇರುವೆ ಸಾಲಿನ ಹಾಗೆ ಅಕ್ಷರ ಹರಿದು ಹೋಗುತ್ತಲ್ಲ, ಅಡುಗೆಯೋರು, ಜನರೇಟರಿನೋರು, ಕುದುರೆಯೋರು… ಕುದುರೆ ಹೆಸರು ಬಂದಿದೆ ಕಣೇ ಒಂದು ಸಲ, ನನ್ನದು ಬಂದಿಲ್ಲ. ಅದಕ್ಕೇ ಯೂನಿಯನ್ ಆಫೀಸಿನಲ್ಲಿ ಕೂತು ಕಾನೂನು ಓದಿದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು, ಒಂದೊಂದು ಪದಕ್ಕೂ ನಿಘಂಟು ತಿರುವಿ ಓದಿದೆ. ಯಾರೂ ಕೊಡಲಿಲ್ಲ ನನಗೆ, ನಾನೇ ಕಿತ್ತುಕೊಂಡೆ.

ಕೆಲಸ ಕಲಿಸಿದೋರು ಒಬ್ಬರೇ, ರೆಕಾರ್ಡಿಂಗ್ ಮಾಡ್ತಿದ್ದ ಚೆಂಗಲ್ವರಾಯನ್ ಅಣ್ಣ. ಹೇಳಿದ್ದೀನಲ್ಲ. ಮೊದಲ ದಿನ ನಾನು ಉತ್ಸಾಹದಲ್ಲಿ ನಾಯಕಿ ಬಾಯಿ ಮುಚ್ಚಿದ ಮೇಲೂ ಒಂದು ‘ಅಯ್ಯೋ’ ಸೇರಿಸಿದೆ. ಗಾಜಿನ ಆಚೆಯಿಂದ ಅವರು ಯಂತ್ರ ನಿಲ್ಲಿಸಿ ಹೊರಗೆ ಬಂದರು. ‘ತಿಲಕಾ, ತುಟಿ ಅಲ್ಲಾಡಿದಷ್ಟು ಮಾತ್ರ ನಿನ್ನದು. ಮುಚ್ಚಿದ ತುಟಿಗೆ ಮಾತು ಕೂರಿಸಬೇಡ. ಅಲ್ಲಿ ಆ ಹುಡುಗಿ ಏನೋ ನುಂಗಿಕೊಳ್ತಿದ್ದಾಳೆ, ಅದು ಅವಳದ್ದು’ ಅಂದರು. ಅವತ್ತಿನಿಂದ ಇವತ್ತಿನವರೆಗೆ…

ಇವತ್ತಿನವರೆಗೆ ಅದೇ ನಿಯಮ.

ಏನೇ ಅದು, ಹೀಗೆ ದಿಟ್ಟಿಸಿ ನೋಡ್ತೀಯ? ಕ್ಯಾಮೆರಾ ಇಲ್ಲದೆ ಫೋಟೋ ತೆಗೆಯೋದು ಭೋಪಾಲದೋರು ಹೇಳಿಕೊಟ್ಟರಾ? ನೋಡು, ನೀನು ಮಾತಾಡದೇ ಇದ್ದರೆ ನನಗೇನು ಕಷ್ಟ ಇಲ್ಲ. ನನ್ನ ಕೆಲಸವೇ ಅದು. ನಿನ್ನ ಮಾತನ್ನೂ ನಾನೇ ಆಡ್ತೀನಿ. ಇಬ್ಬರ ಸಂಭಾಷಣೆ, ಒಬ್ಬಳೇ ಕಲಾವಿದೆ. ನೋಡ್ಕೋ.

ಇದು ನಾನು: ‘ಏನಮ್ಮಾ ಕಯಲ್ವಿಳಿ, ಕಾಲೇಜು ಯಾವುದು ಗೊತ್ತಾಯಿತಾ?’

ಇದು ನೀನು. ಕೇಳಿಸಿಕೋ, ನಿನಗೇ ಅನುಮಾನ ಬರಬೇಕು: ‘ಅಂದ್ರೇ… ಅತ್ತೆ, ನನಗೆ ಈ ಸರ್ಕಾರಿ ಕಾಲೇಜೇ ಸರಿ. ಅಂದ್ರೇ… ಮೀನು ಸಾರು ಎಲ್ಲಿ ಸಿಗುತ್ತೆ ಅಲ್ಲಿ?’ ಹೇಗಿದೆ? ಆ ‘ಅಂದ್ರೇ’ ಬಂತಾ ಸರಿಯಾಗಿ? ಕೊನೆಗೆ ಸ್ವಲ್ಪ ಮೇಲಕ್ಕೆ ಹೋಗುತ್ತೆ ನಿನ್ನದು, ಗಾಳಿಪಟದ ಬಾಲ ಹಾಗೆ.

ಮತ್ತೆ ನಾನು: ‘ಭೋಪಾಲಕ್ಕೆ ಹೋಗಲ್ವಾ ಹಾಗಾದರೆ?’

ನೀನು: ‘ಅಂದ್ರೇ… ಆಸೆ ಇತ್ತು. ಆದರೆ ನನ್ನ ಅತ್ತೆಯನ್ನ ಒಬ್ಬಳನ್ನೇ ಬಿಟ್ಟು ಬರೋಕೆ ಮನಸ್ಸಿಲ್ಲ, ಮ್ಯಾಡ…’

…

ಯಾಕೆ ಎದ್ದೆ?

ನೀರು ಚೆಲ್ಲಿತು ನೋಡು. ಪರವಾಗಿಲ್ಲ, ಒರೆಸ್ತೀನಿ, ನೀನು ಕೂತ್ಕೋ. ತಮಾಷೆ ಮಾಡಿದೆ ಕಣೇ. ಎಲ್ಲಿಗೆ ಹೊರಟೆ? ಬಾಗಿಲ ಹತ್ತಿರ… ಚಪ್ಪಲಿ ಬೇಡ, ಈ ಬಿಸಿಲಲ್ಲಿ ಎಲ್ಲಿಗೂ… ಓ, ಬೋರ್ಡಾ? ಅದನ್ನ ಯಾಕೆ ಎತ್ತಿದೆ? ಕೈಗೆ ಬಣ್ಣ ಅಂಟುತ್ತೆ. ಯಾಕೆ ನನ್ನ ಕಡೆ ತಿರುಗಿಸ್ತಿದ್ದೀಯ?

ಓದಬೇಕಾ? ನಿನ್ನ ಕೈಬರಹ ನಾನು ಓದಿಲ್ಲವಾ, ಬೆಳಿಗ್ಗೆಯಿಂದ ಹೊತ್ತುಕೊಂಡು ನಿಂತಿದ್ದೆ. ‘ನಾವು ಆಡದ ಮಾತು ನಮ್ಮ ದನಿಯಲ್ಲಿ ಬೇಡ.’

ಓದಿದೆ.

ಕಯಲ್, ಹಾಗೆ ನಿಂತ್ಕೋಬೇಡ. ಬೈದುಬಿಡು. ನೀನು ಬೈದರೆ ನನಗೆ ಉತ್ತರ ಕೊಡೋಕೆ ಬರುತ್ತೆ. ಎಂಥೆಂಥೋರಿಗೆ ಉತ್ತರ ಕೊಟ್ಟಿದ್ದೀನಿ ನಾನು. ಹೀಗೆ ತುಟಿ ಬಿಗಿದು ನಿಂತರೆ ನಾನು ಏನು ಕೂರಿಸಲಿ ಅಲ್ಲಿಗೆ?

ಬೆಳಿಗ್ಗೆ ಭೋಪಾಲಕ್ಕೆ ಫೋನ್ ಮಾಡಿದ್ದೆ ನೀನು. ಅಲ್ವಾ? ಚಿತ್ರಾ ಫೋನಿನಿಂದ. ಅಲ್ಲಿ ಆ ಹೆಂಗಸು… ಹೌದು, ಮೂಗಿನಲ್ಲಿ ಮಾತಾಡೋಳು… ‘ನೀವೇ ಬೇಡ ಅಂದಿರಲ್ಲ, ಕಯಲ್ವಿಳಿ’ ಅಂದಿರಬೇಕು. ‘ಅತ್ತೆಯನ್ನ ಬಿಟ್ಟು ಬರಲ್ಲ ಅಂದಿರಲ್ಲ’ ಅಂತಲೂ ಅಂದಿರಬೇಕು. ನೀನು ಅಲ್ಲಿಂದ ಬಂದು ನನ್ನ ಪಕ್ಕ ನಿಂತು, ಈ ಬೋರ್ಡಿನ ಕೆಳಗೆ ನಿಂತ ನನ್ನ ಫೋಟೋ ತೆಗೆದೆ. ಬಾಯಿ ಅಗಲ ತೆರೆದು ಕೂಗ್ತಿದ್ದೆ ನಾನು. ಎಷ್ಟು ಹೊತ್ತಿನಿಂದ ಗೊತ್ತಿತ್ತು ನಿನಗೆ… ಮೀನು, ಬೊಟ್ಟು, ಮದುವೆ ಮಂಟಪ ಅಂತ ನಾನು ಕುಣೀತಾ ಇದ್ದೀನಿ, ನೀನು ನೋಡ್ತಾ ಕೂತಿದ್ದೆ.

ಹೇಳ್ತೀನಿ. ತಲೆ ತಿರುಗಿಸಬೇಡ, ಹೇಳ್ತೀನಿ.

ಅವರ ಫೋನ್ ಬಂದಾಗ ಸ್ಟುಡಿಯೋದಿಂದ ಆಗ ತಾನೇ ಹೊರಗೆ ಬಂದಿದ್ದೆ. ಬೆಳಿಗ್ಗೆ ಪೂರ್ತಿ ಕಾಲೇಜು ಹುಡುಗಿ ಪಾತ್ರ. ಆ ದನಿ ಬಾಯಲ್ಲೇ ಇತ್ತು, ಇಳಿದಿರಲಿಲ್ಲ. ‘ಹಲೋ’ ಅಂದೆ. ‘ಕಯಲ್ವಿಳಿಯಾ?’ ಅಂದಳು. ‘ಹೌದು’ ಅಂತ ಬಂದುಬಿಡ್ತು. ಅಷ್ಟು ಮಾತ್ರ ಬಂದುಬಿಟ್ಟಿದ್ದು ಕಣೇ. ಉಳಿದಿದ್ದು ಬಂದುಬಿಟ್ಟಿದ್ದಲ್ಲ. ಉಳಿದಿದ್ದು ನಾನು ಆಡಿದ್ದು. ಸೀಟು ಸಿಕ್ಕಿದೆ ಅಂತ ಹೇಳಿದಳು, ಖುಷಿಯಲ್ಲಿ ಹೇಳಿದಳು. ಬಿಸಿಲಲ್ಲಿ ನಿಂತಿದ್ದೆ. ಎದುರಿಗೆ ಬಸ್ಸು ಹೋಯಿತು. ಆ ಬಸ್ಸು ಹೋಗೋ ಅಷ್ಟರಲ್ಲಿ ನಿನ್ನ ‘ಅಂದ್ರೇ…’ ಹುಡುಕಿ ತೆಗೆದೆ, ನಿನ್ನ ಹರಕು ಹಿಂದಿ ತೆಗೆದೆ, ಆ ಕೊನೆಯ ಬಾಲ ಕೂಡ ಮರೆಯಲಿಲ್ಲ. ಆಕೆ, ‘ಅಂಥ ಸೊಸೆ ಸಿಕ್ಕಿದ್ದು ನಿಮ್ಮ ಅತ್ತೆಯ ಅದೃಷ್ಟ’ ಅಂದಳು. ನಾನು ‘ಥ್ಯಾಂಕ್ಯೂ’ ಅಂದೆ. ಅದನ್ನೂ ನಿನ್ನ ದನಿಯಲ್ಲೇ ಅಂದೆ.

ಆ ಮಾತು ನನ್ನದು ಕಯಲ್. ‘ಒಬ್ಬಳೇ ಆಗ್ತೀನಿ’ ಅನ್ನೋದು. ಯಾವ ಧರಣಿಯಲ್ಲೂ ನಾನು ಅದನ್ನ ಕೂಗಿಲ್ಲ. ನಿನ್ನ ಹತ್ತಿರವೂ ಹೇಳಿಲ್ಲ. ನನ್ನ ದನಿಯಲ್ಲಿ ಬರಲಿಲ್ಲ ಅದು, ನಿನ್ನ ದನಿ ಸಿಕ್ಕಿದ ಕೂಡಲೇ ಬಂತು.

ಸೀಟು ಬೇರೆಯವರಿಗೆ ಕೊಟ್ಟುಬಿಟ್ಟರಾ? ತಲೆಯನ್ನಾದರೂ ಆಡಿಸೇ… ಇಲ್ವಾ? ಇನ್ನೂ ಇಲ್ಲ? ಮತ್ತೆ ಏನಂತೆ? ಓ… ನಿನ್ನನ್ನ ನಂಬಲಿಲ್ಲ. ಅವತ್ತು ಬೇಡ ಅಂದು ಇವತ್ತು ಬೇಕು ಅಂದರೆ ಯಾರು ನಂಬ್ತಾರೆ. ಅವತ್ತು ಮಾತಾಡಿದ್ದು ನಾನಲ್ಲ ಅಂದರೆ ಹುಚ್ಚಿ ಅಂತಾರೆ. ದನಿ ಅದೇ ಅಲ್ಲವಾ.

ಯಾಕೆ ಕೈ ಚಾಚ್ತೀಯ? ಫೋನಾ?

ತಗೋ. ಸೊಂಟದಲ್ಲಿ ಬೆವರಿದೆ, ಒರೆಸಿಕೋ. ಆಫೀಸು ಇನ್ನೂ ತೆರೆದಿರುತ್ತಾ ಈ ಹೊತ್ತಿಗೆ? ಸರಿ, ನೀನೇ ಒತ್ತು. ನಂಬರ್ ನಿನಗೆ ಗೊತ್ತು… ನನಗೂ ಗೊತ್ತು.

ರಿಂಗ್ ಆಗ್ತಿದೆ. ನನ್ನ ಕೈಗೆ ಯಾಕೆ ಕೊಡ್ತೀಯ? ಒಂದು ಮಾತು ಕೇಳು, ಇರು ಸ್ವಲ್ಪ, ಕೇಳು. ನಾನು ಈಗ ನಿನ್ನ ದನಿಯಲ್ಲೇ ‘ಅಂದ್ರೇ… ಮ್ಯಾಡಂ, ಅವತ್ತು ಮನಸ್ಸು ಸರಿ ಇರಲಿಲ್ಲ, ಬರ್ತೀನಿ’ ಅಂದುಬಿಟ್ಟರೆ ಒಂದೇ ನಿಮಿಷದ ಕೆಲಸ. ಆಕೆ ನಂಬ್ತಾಳೆ. ನಾಳೆ ನಿಮ್ಮಪ್ಪನಿಗೆ ಭೋಪಾಲ ಅಂತ ನಾನೇ ಹೇಳ್ತೀನಿ, ಹಪ್ಪಳ ಕಟ್ಟಿಕೊಡ್ತೀನಿ, ಸ್ವೆಟರ್ ತರ್ತೀನಿ. ಯಾರಿಗೂ ಏನೂ…

ಬೇಡವಾ.

ಬೇಡ. ಸರಿ. ಬೋರ್ಡು ಕೆಳಗಿಡೇ, ಕೈ ಸೋಲುತ್ತೆ. ಇಡಲ್ವಾ? ಸರಿ, ಹಿಡ್ಕೊಂಡೇ ಇರು.

ನನ್ನ ದನಿ ಹೇಗಿರುತ್ತೆ ಅಂತ ನನಗೇ… ಬೆಳಿಗ್ಗೆ ಕೂಗಿ ಕೂಗಿ ಬಿರುಕು ಬಿಟ್ಟಿದೆ. ಒಂದು ಗುಟುಕು ಆ ಬಿಸಿನೀರು… ಚೆಲ್ಲಿಹೋಯಿತಲ್ಲ. ಇರಲಿ.

ಎತ್ತಿದಳು.

ಹಲೋ… ಹ್ಞಾಂ, ನಮಸ್ತೆ… ಅಲ್ಲ. ಅಲ್ಲಮ್ಮಾ, ನಂಬರ್ ಅದೇ. ಆದರೆ ನಾನು ಕಯಲ್ವಿಳಿ ಅಲ್ಲ. ಅವತ್ತೂ ಅಲ್ಲ… ಹೌದು, ಅವತ್ತು ನಿಮ್ಮ ಜೊತೆ ಮಾತಾಡಿದೋಳು. ಅವಳು ನನ್ನ ಎದುರಿಗೇ ನಿಂತಿದ್ದಾಳೆ, ಒಂದು ಮಾತೂ ಆಡಿಲ್ಲ… ಹೇಳ್ತೀನಿ, ಬರ್ಕೊಳ್ಳಿ. ನನ್ನ ಹೆಸರು ತಿಲಕವತಿ.